ಎರಡು ಥರ್ಮಾಮೀಟರ್, ಒಂದೇ ಅಂಕಿ

ಸಮುದ್ರ ಇಂಗಾಲವನ್ನು ಹೀರುತ್ತಿದೆಯೋ ಬಿಡುತ್ತಿದೆಯೋ ಅಂತ ಅಳೆಯುವುದು ನನ್ನ ಕೆಲಸ. ನಾವು ಓಡಾಡುವುದು ತೀರದ ಹತ್ತಿರ. 30–40 ಮೀಟರ್ ಇಳಿದರೆ ತಳ ಸಿಗುತ್ತದೆ.

ಹಡಗಿನ ತಳದ ಪೈಪಿನಿಂದ ಲ್ಯಾಬ್‌ಗೆ ನೀರು ಬರುತ್ತಲೇ ಇರುತ್ತದೆ. ಅಲ್ಲಿ ಮುಚ್ಚಿದ ಪಾತ್ರೆಯೊಳಗೆ ಶವರ್ ಥರ ಸುರಿಯುತ್ತದೆ. ನೀರೂ ಒಳಗಿನ ಗಾಳಿಯೂ ಹೊಂದಿಕೊಂಡ ಮೇಲೆ, ಆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಯಂತ್ರ ತೋರಿಸುತ್ತದೆ. ಹೊರಗಿನ ಗಾಳಿಗಿಂತ ಜಾಸ್ತಿ ಇದ್ದರೆ ಸಮುದ್ರ ಬಿಡುತ್ತಿದೆ, ಕಡಿಮೆ ಇದ್ದರೆ ಹೀರುತ್ತಿದೆ. ಸುಲಭ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಬೇಸಿಗೆ ಶುರುವಿನ ಒಂದು ಸುತ್ತಿನಲ್ಲಿ ನೀರಿಗೆ 432 ಮೈಕ್ರೊ ಅಟ್ಮಾಸ್ಫಿಯರ್ (ಅನಿಲದ ಒತ್ತಡ ಹೇಳುವ ಅಳತೆ) ಬಂತು. ಗಾಳಿಯಲ್ಲಿ ಇದ್ದದ್ದು 420. 'ಬಿಡುತ್ತಿದೆ' ಅಂತ ನಕ್ಷೆಗೆ ಕೆಂಪು ಬಣ್ಣ ಹಚ್ಚಿಬಿಟ್ಟೆ. ಅನುಮಾನವೇ ಬರಲಿಲ್ಲ. ಯಾಕೆ ಅಂದರೆ, ಇಂಥ ಜಾಗದಲ್ಲಿ ಆ ಹೊತ್ತಿಗೆ ಅದೇ ಉತ್ತರ ಬರಬೇಕು ಅಂತ ನನಗೆ ಮೊದಲೇ ಗೊತ್ತಿತ್ತು.

ನೀರು 1 ಡಿಗ್ರಿ ಬಿಸಿಯಾದರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಒತ್ತಡ ಸುಮಾರು ಶೇ 4.2ರಷ್ಟು ಏರುತ್ತದೆ. ಚಳಿಗಾಲದಿಂದ ಬೇಸಿಗೆಗೆ 10 ಡಿಗ್ರಿ ಏರಿತು ಅನ್ನಿ. ಬೇರೇನೂ ಆಗದಿದ್ದರೆ 400 ಇದ್ದದ್ದು 600 ದಾಟಬೇಕು. ಅಷ್ಟು ಏರುವುದಿಲ್ಲ. ವಸಂತದಲ್ಲಿ ಬಿಸಿಲು ಬಲಿತ ಕೂಡಲೇ ಕಣ್ಣಿಗೆ ಕಾಣದ ಪಾಚಿಗಳು ಒಮ್ಮೆಲೇ ಬೆಳೆದು ಇಂಗಾಲವನ್ನು ತಿಂದುಹಾಕುತ್ತವೆ. ಆಗ ಬಲೆ ಎತ್ತಿದರೆ ಹಸಿರು-ಕಂದು ಲೋಳೆ. ಬೆರಳಿಗೆ ಅಂಟಿದರೆ ಸಂಜೆವರೆಗೂ ವಾಸನೆ ಹೋಗುವುದಿಲ್ಲ.

ಆಮೇಲೆ ಪಾಚಿ ಸತ್ತು ಕೆಳಗಿಳಿಯುತ್ತದೆ. ಬ್ಯಾಕ್ಟೀರಿಯಾ ಅದನ್ನು ತಿಂದು ಇಂಗಾಲವನ್ನು ಮತ್ತೆ ನೀರಿಗೆ ಬಿಡುತ್ತವೆ. ಆಳ ಇರುವ ಕಡೆ ಮೇಲಿನ ಬಿಸಿ ನೀರು ಮುಚ್ಚಳದ ಹಾಗೆ ಕೂತಿರುತ್ತದೆ, ಇಂಗಾಲ ಕೆಳಗೇ ಉಳಿಯುತ್ತದೆ. ಆಳವಿಲ್ಲದ ಕಡೆ ಅಲೆ, ಉಬ್ಬರವಿಳಿತ ಎಲ್ಲವನ್ನೂ ಕದಡಿ ಅದೇ ಬೇಸಿಗೆಯಲ್ಲಿ ಮೇಲೆ ತಂದುಬಿಡುತ್ತವೆ. 2001–02ರಲ್ಲಿ ಯೂರೋಪಿನ ನಾರ್ತ್ ಸೀಯನ್ನು ನಾಲ್ಕೂ ಋತುಗಳಲ್ಲಿ ಅಳೆದಾಗ ಕಂಡದ್ದೂ ಇದೇ: ಬೇಸಿಗೆಯಲ್ಲಿ ಆಳವಾದ ಉತ್ತರ ಭಾಗ ಹೀರುತ್ತಿತ್ತು, ಆಳವಿಲ್ಲದ ದಕ್ಷಿಣ ಭಾಗ ಬಿಡುತ್ತಿತ್ತು.

ಹಾಗಾಗಿ ನನ್ನ 432 ನೋಡಿ ಯಾರೂ ಹುಬ್ಬೇರಿಸಲಿಲ್ಲ. ನಮ್ಮ ಸೀನಿಯರ್ ಮೇಡಂ ಮಾತ್ರ ಶೀಟ್‌ನ ಎರಡು ಕಾಲಂಗಳ ಮೇಲೆ ಪೆನ್ನಿನ ತುದಿ ಆಡಿಸಿದರು.

"ಪೈಪಿನ ಬಾಯಲ್ಲಿ 14.83, ಪಾತ್ರೆಯಲ್ಲೂ 14.83. ಕೆಳಗಿನ ಸಾಲಲ್ಲೂ ಹಾಗೇ. ಇದೆಂಥ ನೀರು ಮಾರಾಯಾ, ಇಷ್ಟು ಉದ್ದದ ಪೈಪಲ್ಲಿ ಬಂದರೂ ಬಿಸಿಯಾಗಲ್ವಾ?"

ಪಾತ್ರೆಯ ತಾಪಮಾನವನ್ನೇ ಎರಡೂ ಕಾಲಂಗೆ ಕಾಪಿ ಮಾಡಿಕೊಂಡಿದ್ದೆ. ಪಾತ್ರೆಯಲ್ಲಿ ಅಳೆದದ್ದನ್ನು ಸಮುದ್ರದ ತಾಪಮಾನಕ್ಕೆ ತಿದ್ದಬೇಕು. ಎರಡೂ ಒಂದೇ ಆಗಿದ್ದರೆ ತಿದ್ದುಪಡಿ ಸೊನ್ನೆ! ಸರಿಯಾದ ಫೈಲ್ ತೆಗೆದರೆ ಸಮುದ್ರದಲ್ಲಿ ಇದ್ದದ್ದು 13.63. ಬರೀ 1.2 ಡಿಗ್ರಿ ವ್ಯತ್ಯಾಸ. ಅಷ್ಟಕ್ಕೇ 432 ಇದ್ದದ್ದು 411ಕ್ಕೆ ಇಳಿಯಿತು. ಅಂದರೆ ಸಮುದ್ರ ಬಿಡುತ್ತಿರಲಿಲ್ಲ, ಇನ್ನೂ ಹೀರುತ್ತಿತ್ತು.

ಅದೇ ಸುತ್ತಿನಲ್ಲಿ ಗಾಜಿನ ಬಾಟಲಿಗಳಲ್ಲೂ ನೀರು ಹಿಡಿದಿದ್ದೆವು. ಒಳಗಿನ ಜೀವಿಗಳು ಲೆಕ್ಕ ಕೆಡಿಸದಿರಲಿ ಅಂತ ಅದಕ್ಕೆ ಸ್ವಲ್ಪ ಮರ್ಕ್ಯುರಿಕ್ ಕ್ಲೋರೈಡ್ ಹಾಕುತ್ತೇವೆ. ವಿಷ ಅದು, ಕೈಗವಸು ಇಲ್ಲದೆ ಮುಟ್ಟುವ ಹಾಗಿಲ್ಲ. ಬಾಟಲಿ ನೀರಿನ ಒಟ್ಟು ಇಂಗಾಲ, ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಎರಡನ್ನೂ ಇಟ್ಟುಕೊಂಡು ಲೆಕ್ಕ ಹಾಕಿದರೆ 414 ಬಂತು. ಆ ಬಾಟಲಿಗಳು ಮೂರು ವಾರದಿಂದ ನನ್ನ ಮೇಜಿನ ಪಕ್ಕದ ಪೆಟ್ಟಿಗೆಯಲ್ಲೇ ಇದ್ದವು. ಉತ್ತರ ಹೇಗೂ ಗೊತ್ತಲ್ಲ ಅಂತ ಸುಮ್ನೆ ಬಿಟ್ಟಿದ್ದೆ.

ನಕ್ಷೆಗೆ ಮತ್ತೆ ಬಣ್ಣ ಹಚ್ಚಲು ಹತ್ತು ನಿಮಿಷ ಸಾಕಾಯಿತು. ಆಗಲೇ ಕಳಿಸಿದ್ದ ವರದಿಯನ್ನು ವಾಪಸ್ ಕೇಳಿ ಪತ್ರ ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು. ಈಗ ದಿನಕ್ಕೆರಡು ಸಲ ಬಕೆಟ್ ಇಳಿಸಿ, ನೀರು ಎತ್ತಿ, ಕೈ ಥರ್ಮಾಮೀಟರ್ ಅದ್ದಿ ನೋಡುತ್ತೇನೆ. ಹೊಸಬರು ನಗುತ್ತಾರೆ. ಮೊನ್ನೆ ಪೈಪಿನ ಬಾಯಿಯ ಸೆನ್ಸರ್‌ಗೂ ಬಕೆಟ್‌ಗೂ ಅರ್ಧ ಡಿಗ್ರಿ ವ್ಯತ್ಯಾಸ ಬಂತು. ಸೆನ್ಸರ್ ಬಿಚ್ಚಿ ನೋಡಿದರೆ ಮೇಲೆಲ್ಲ ಲೋಳೆ ಕಟ್ಟಿತ್ತು.