ಅವರು ‘ನೋ ವೇ’ ಅಂದರು, ನಾನು ಫೈಲ್ ತಡೆಹಿಡಿದೆ

ಬೆಂಗಳೂರಿನ ಒಂದು ಬ್ಯಾಕ್ ಆಫೀಸಿನಲ್ಲಿ ನನ್ನ ಕೆಲಸ. ಅಮೆರಿಕದ ಒಹಾಯೋದ ಕ್ಲೈಂಟ್ ಕಳಿಸುವ ಬಿಲ್‌ಗಳನ್ನು ತಾಳೆ ನೋಡಿ ವಾಪಸ್ ಕಳಿಸಬೇಕು. ಚಳಿಗಾಲದಲ್ಲಿ ಅವರು ಬೆಳಗ್ಗೆ 9ಕ್ಕೆ ಕಾಲ್‌ಗೆ ಬಂದರೆ ನಮಗೆ ರಾತ್ರಿ 7.30.

ಕೆಲಸಕ್ಕೆ ಸೇರಿದ ಹೊಸತು. ಎರಡು ವಾರ ಹಿಡಿಯುತ್ತದೆ ಅಂದುಕೊಂಡಿದ್ದ ಹಳೇ ಬಿಲ್‌ಗಳ ರಾಶಿಯನ್ನು ಐದೇ ದಿನಕ್ಕೆ ಮುಗಿಸಿದ್ದೆವು. ಕಾಲ್‌ನಲ್ಲಿ ಸ್ವಲ್ಪ ಜಂಬದಿಂದಲೇ ಹೇಳಿದೆ, ಎಲ್ಲಾ ಆಯ್ತು ಅಂತ. ಆ ಕಡೆಯಿಂದ ಮೇಡಂ, ‘ನೋ ವೇ!’ ಅಂದರು.

ನನ್ನ ಎದೆ ಧಸಕ್ ಅಂದಿತು. ಕನ್ನಡ ಮೀಡಿಯಂನಲ್ಲಿ ಓದಿದವನು ನಾನು. ನನಗೆ ಗೊತ್ತಿದ್ದದ್ದು ಒಂದೇ ಅರ್ಥ: ಸಾಧ್ಯವೇ ಇಲ್ಲ, ಒಪ್ಪಲ್ಲ. ಯಾಕೆ ಅಂತ ಕೇಳಲು ಬಾಯಿ ಬರಲಿಲ್ಲ. ‘ಓಕೆ ಮೇಡಂ’ ಅಂದು ಸುಮ್ಮನಾದೆ. ಆಮೇಲೆ ಫೈಲ್ ತಡೆಹಿಡಿದು, ಇನ್ನಿಬ್ಬರನ್ನು ಕೂರಿಸಿಕೊಂಡು ರಾತ್ರಿ ಎರಡರವರೆಗೆ ಮೊದಲಿಂದ ತಾಳೆ ನೋಡಿದೆ. ಒಂದೂ ತಪ್ಪು ಸಿಗಲಿಲ್ಲ. ಮರುದಿನ ಅವರ ಮೇಲ್ ಬಂತು. ಕೆಲಸ ತುಂಬಾ ಚೆನ್ನಾಗಿದೆ, ಆದರೆ ಫೈಲ್ ಇನ್ನೂ ಯಾಕೆ ಬಂದಿಲ್ಲ?

ಟೀಮ್ ಲೀಡ್ ಬೈಯಲಿಲ್ಲ, ನಕ್ಕರು. ಅದು ಇನ್ನೂ ಕಷ್ಟ.

ನಂತರ ಕಿವಿಗೊಟ್ಟು ಕೇಳತೊಡಗಿದೆ. ಆಶ್ಚರ್ಯದ ‘ನೋ ವೇ’ಯಲ್ಲಿ ‘ವೇ’ ಉದ್ದಕ್ಕೆ ಎಳೆಯುತ್ತದೆ, ದನಿ ಏರಿಳಿಯುತ್ತದೆ, ಹಿಂದೆಯೇ ಒಂದು ನಗುವೋ ಪ್ರಶ್ನೆಯೋ ಬರುತ್ತದೆ. ಬೇಡ ಅನ್ನುವಾಗ ಸಾಮಾನ್ಯವಾಗಿ ಚಿಕ್ಕದಾಗಿ, ಗಟ್ಟಿಯಾಗಿ ಬಂದು ಬೀಳುತ್ತದೆ. ಅದರ ಬೆನ್ನಿಗೆ ಕಾರಣವೂ ಬರುತ್ತದೆ. ‘ಗೆಟ್ ಔಟ್ ಆಫ್ ಹಿಯರ್!’ ಕೂಡ ಹೀಗೇ. ಎದ್ದು ಹೋಗು ಅಂತಲ್ಲ, ನಂಬೋಕೇ ಆಗ್ತಿಲ್ಲ ಅಂತ. ಸ್ನೇಹಿತರ ನಡುವೆ ‘ಶಟ್ ಅಪ್!’ ಅನ್ನುವುದೂ ಉಂಟು. ಅದನ್ನು ಕೇಳಿಸಿಕೊಂಡರೆ ಸಾಕು, ಕ್ಲೈಂಟ್‌ಗೆ ತಿರುಗಿ ಹೇಳುವ ಸಾಹಸ ಬೇಡ.

ನಾನು ಕೈ ಸುಟ್ಟುಕೊಂಡದ್ದು ‘ಯೂ ಡೋಂಟ್ ಸೇ’ಯಲ್ಲಿ. ಹೌದಾ, ಅಂತ ನಿಜವಾಗಿಯೂ ಬೆರಗಾಗಿ ಹೇಳಬಹುದಾದ ಮಾತು ಅದು. ಆದರೆ ಈಗ ಜಾಸ್ತಿ ಕೇಳುವುದು ವ್ಯಂಗ್ಯವಾಗಿ, ‘ಓಹೋ, ನೀವು ಹೇಳಿದ ಮೇಲೇ ಗೊತ್ತಾಯ್ತು’ ಅನ್ನುವ ಧಾಟಿಯಲ್ಲಿ. ಸರ್ವರ್ ಕೆಟ್ಟಿದೆ ಅಂತ ಅವರು ಹೇಳಿದಾಗ ನಾನು ಅದನ್ನು ಪೂರ್ತಿ ಶ್ರದ್ಧೆಯಿಂದ ಅಂದೆ. ಆ ಕಡೆ ಎರಡು ಕ್ಷಣ ಮೌನ.

ತಮಾಷೆ ಅಂದರೆ ಇದೆಲ್ಲ ನಮ್ಮ ಮನೆಯಲ್ಲೇ ಇತ್ತು. ಮೊದಲ ಸಂಬಳದ ಲೆಕ್ಕ ಹೇಳಿದಾಗ ಅಮ್ಮ ಫೋನಿನಲ್ಲಿ, ‘ಹೋಗೋ, ಸುಮ್ನಿರು!’ ಅಂದಿದ್ದಳು. ನಾನೇನು ಫೋನ್ ಇಟ್ಟು ಎದ್ದು ಹೋದೆನಾ?

ಮೊನ್ನೆ ಹೊಸ ಹುಡುಗನೊಬ್ಬ ಕಾಲ್ ಟಿಪ್ಪಣಿಯಲ್ಲಿ ‘ಕ್ಲೈಂಟ್ ಒಪ್ಪಲಿಲ್ಲ’ ಅಂತ ಬರೆದಿದ್ದ. ಏನಂದರು ಅಂತ ಕೇಳಿದೆ.

‘ನೋ ವೇ ಅಂದ್ರು ಸರ್.’

‘ಹೇಗೆ ಅಂದ್ರು? ಅಂದು ತೋರಿಸು.’

ಅವನು ನಾಚಿಕೊಂಡು ‘ನೋ ವೇಏಏ’ ಅಂತ ಎಳೆದ.

‘ಫೈಲ್ ಕಳ್ಸು,’ ಅಂದೆ.