ಮೇಣದ ಬ್ಲಾಕಿನಲ್ಲಿದ್ದ ಉತ್ತರ

ಅಮ್ಮನ ಅಂಡಾಶಯದಿಂದ ತೆಗೆದ ಗಡ್ಡೆಯ ಚೂರು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ, ಕೆಡದಂತೆ ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕಾಗಿ ಹದಿನಾಲ್ಕು ತಿಂಗಳು ಇತ್ತು. ಹೈ ಗ್ರೇಡ್ ಸೀರಸ್ ಕಾರ್ಸಿನೋಮ (ವೇಗವಾಗಿ ಬೆಳೆಯುವ ಬಗೆಯ ಅಂಡಾಶಯದ ಕ್ಯಾನ್ಸರ್), ಮೂರನೆಯ ಹಂತ ಎಂಬ ವರದಿ ಬಂತು, ಆರು ಕೀಮೋ ಮುಗಿದವು, ಈ ಕ್ಯಾನ್ಸರ್‌ನ ಏರಿಳಿತ ತೋರಿಸುವ ರಕ್ತದ ಸೂಚಕ ಸಿಎ-125 ಇಳಿಯಿತು. ಆದರೆ ಜೀನ್ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ, ಕೇಳಬೇಕೆಂಬುದು ನಮಗೂ ತಿಳಿದಿರಲಿಲ್ಲ. ಕಾಯಿಲೆ ಮರಳಿದ ಮೇಲೆ ಬೇರೊಬ್ಬ ವೈದ್ಯರು ಕಡತ ತಿರುವಿ, "ಬಿಆರ್‌ಸಿಎ ರಿಪೋರ್ಟ್ ಎಲ್ಲಿದೆಯಮ್ಮಾ?" ಎಂದು ಕೇಳಿದಾಗಲೇ ಆ ಹೆಸರನ್ನು ನಾನು ಮೊದಲು ಕೇಳಿದ್ದು.

ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ಅವನ್ನು ಸರಿಯಾಗಿ ಬೆಸೆಯಲು ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಜೀನ್‌ಗಳು ಬೇಕು. ಗಡ್ಡೆಯ ಕೋಶಗಳಲ್ಲಿ ಇವು ಕೆಟ್ಟಿದ್ದರೆ ಆ ಕೋಶಗಳು ಪಾರ್ಪ್ ಎಂಬ ಕಿಣ್ವದ ದುರಸ್ತಿಯನ್ನೇ ಹೆಚ್ಚಾಗಿ ನೆಚ್ಚಿಕೊಳ್ಳುತ್ತವೆ. ಓಲಾಪರಿಬ್, ನಿರಾಪರಿಬ್‌ನಂಥ ಮಾತ್ರೆಗಳು ಪಾರ್ಪನ್ನೂ ತಡೆದಾಗ ಕ್ಯಾನ್ಸರ್ ಕೋಶ ಉಳಿಯಲಾರದು, ಆದರೆ ಬಿಆರ್‌ಸಿಎ ಇನ್ನೂ ಕೆಲಸ ಮಾಡುತ್ತಿರುವ ಆರೋಗ್ಯವಂತ ಕೋಶ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. 2018ರಲ್ಲಿ ಪ್ರಕಟವಾದ ಸೋಲೋ-1 ಅಧ್ಯಯನದಲ್ಲಿ, ಬಿಆರ್‌ಸಿಎ ದೋಷವಿದ್ದು ಮೊದಲ ಕೀಮೋಗೆ ಸ್ಪಂದಿಸಿದ ಮಹಿಳೆಯರ ಪೈಕಿ, ಮೂರು ವರ್ಷಗಳ ನಂತರ ಕಾಯಿಲೆ ಉಲ್ಬಣಿಸದೆ ಬದುಕಿದ್ದವರು ಓಲಾಪರಿಬ್ ಪಡೆದವರಲ್ಲಿ ಶೇ. 60, ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ. 27. ಈ ಅಂಕಿಗಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಮಾತ್ರೆಯನ್ನು ಕೀಮೋ ಮುಗಿದ ಕೆಲವು ವಾರಗಳೊಳಗೆ ಆರಂಭಿಸಬೇಕಾಗುತ್ತದೆ. ಮೂರು ವಾರಕ್ಕೊಂದರಂತೆ ಆರು ಕೀಮೋ ಎಂದರೆ ನಾಲ್ಕು ತಿಂಗಳ ಮಾತು. ಮೊದಲನೆಯದರ ಹೊತ್ತಿಗೇ ಮಾದರಿ ಕಳುಹಿಸಿದ್ದರೆ ಕೊನೆಯದಕ್ಕೆ ಮುಂಚೆ ವರದಿ ಕೈಗೆ ಬಂದಿರುತ್ತಿತ್ತು.

ರಕ್ತ ಪರೀಕ್ಷೆಯೊಂದರಲ್ಲೇ ತೃಪ್ತರಾಗಬಾರದು ಎಂಬುದನ್ನೂ ಹೇಳಬೇಕು. ರಕ್ತ ತೋರಿಸುವುದು ಹುಟ್ಟಿನಿಂದ ಬಂದ ದೋಷವನ್ನು. ಗಡ್ಡೆಯಲ್ಲಿ ಮಾತ್ರ ಹುಟ್ಟಿಕೊಂಡ ದೋಷ ಬ್ಲಾಕಿನ ಪರೀಕ್ಷೆಯಲ್ಲೇ ಕಾಣಬೇಕು. ಬಿಆರ್‌ಸಿಎ ಸರಿಯಾಗಿದ್ದರೂ ಡಿಎನ್‌ಎ ದುರಸ್ತಿ ಬೇರೆ ಕಾರಣದಿಂದ ಸೋತಿರಬಹುದು. ಅದನ್ನು ಅಳೆಯುವುದು ಎಚ್‌ಆರ್‌ಡಿ ಪರೀಕ್ಷೆ. ಅದರಲ್ಲಿ ಪಾಸಿಟಿವ್ ಬಂದವರಿಗೂ ಈ ಮಾತ್ರೆಗಳು ನೆರವಾಗುತ್ತವೆ. ನೆಗೆಟಿವ್ ಬಂದರೆ ಲಾಭ ಕಡಿಮೆ, ಹಾಗಾಗಿ ರಕ್ತಹೀನತೆ, ಸುಸ್ತು, ದುಬಾರಿ ಖರ್ಚನ್ನು ಹೊರುವ ಮುಂಚೆ ಯೋಚಿಸಲು ಅದೂ ದಾರಿ ತೋರಿಸುತ್ತದೆ.

ಅಮ್ಮನ ರಕ್ತದಲ್ಲೇ ಬಿಆರ್‌ಸಿಎ1 ದೋಷ ಸಿಕ್ಕಿತು. ಎರಡನೆಯ ಸುತ್ತಿನ ಕೀಮೋ ನಂತರ ಈಗ ಓಲಾಪರಿಬ್ ನಡೆಯುತ್ತಿದೆ. ಒಡಹುಟ್ಟಿದವರಿಗೂ ಮಕ್ಕಳಿಗೂ ಅದೇ ದೋಷ ಬಂದಿರುವ ಸಾಧ್ಯತೆ ತಲಾ ಶೇ. 50 ಎಂದು ಜೆನೆಟಿಕ್ ಕೌನ್ಸೆಲರ್ ವಿವರಿಸಿದಾಗ, ಪಕ್ಕದಲ್ಲಿ ಕುಳಿತಿದ್ದ ಸೋದರಮಾವ, "ಗಂಡಸಿಗೆ ಇದೆಲ್ಲ ಯಾಕಮ್ಮಾ?" ಎಂದರು. ದೋಷ ಗಂಡಸರಲ್ಲೂ ಇರುತ್ತದೆ, ಅವರಿಂದ ಹೆಣ್ಣುಮಕ್ಕಳಿಗೂ ದಾಟುತ್ತದೆ ಎಂದು ತಿಳಿದ ಮೇಲೆ ಅವರು ಮರುಮಾತಾಡದೆ ಅಂಗಿಯ ತೋಳು ಮಡಚಿದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು.