ಸ್ವಿಫ್ಟ್‌ಗೆ 185 ಟೈರ್: ಮೇ ತಿಂಗಳಿಂದ ಇಲ್ಲಿಯವರೆಗಿನ ಲೆಕ್ಕ

ಮೇ, ಮಳೆಗೆ ಮುಂಚೆ

ಕಾರು 2013ರ ಸ್ವಿಫ್ಟ್ ವಿಎಕ್ಸ್ಐ, ಪೆಟ್ರೋಲ್. ಕಂಪನಿಯಿಂದ ಬಂದ ಸೈಜ್ 165/80 ಆರ್14. ಅಂದರೆ ಟೈರ್ ಅಗಲ 165 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇ 80, ಒಳಗಿನ ರಿಮ್ (ಲೋಹದ ಚಕ್ರ) 14 ಇಂಚು. ಮುಂದಿನ ಎರಡೂ ಟೈರ್ ಸವೆದು, ಗೀರುಗಳ ಒಳಗಿರುವ ಗುರುತಿನ ಉಬ್ಬಿಗೆ ಸಮ ಆಗಿವೆ. ಆ ಉಬ್ಬಿನ ಎತ್ತರ 1.6 ಮಿಲಿಮೀಟರ್. ಅಲ್ಲಿಗೆ ಬಂದರೆ ಟೈರ್ ಕಥೆ ಮುಗಿದ ಹಾಗೆ. ಹಿಂದಿನವು ಅಷ್ಟು ಸವೆದಿಲ್ಲ, ಆದರೆ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲಿ ಬಿರುಕು ಕಾಣುತ್ತಿದೆ. ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಆಗಾಗ ಹೋಗುವ ಗಾಡಿ ಇದು. ಜೂನ್ ಮಳೆಯಲ್ಲಿ ಈ ಟೈರ್ ನಂಬಿಕೊಂಡು ಘಾಟಿ ಬುಡದ ಸೋಮೇಶ್ವರದ ತನಕ ಇಳಿಯುವುದು ನನ್ನಿಂದಾಗದು. ನಾಲ್ಕೂ ಹೊಸದು ಹಾಕಿಸುವುದು ಖಾತ್ರಿ. ಸೈಜ್ ಯಾವುದು ಅನ್ನುವುದೇ ತಲೆಬಿಸಿ.

ಇದೇ ಕಾರಿನ ಮೇಲಿನ ಮಾಡೆಲ್ ಝಡ್‌ಎಕ್ಸ್ಐಗೆ ಕಂಪನಿಯವರೇ 185/65 ಆರ್15 ಕೊಡುತ್ತಿದ್ದರು. ಅಂದರೆ 185 ಅಗಲ ಈ ಬಾಡಿಗೆ ಹೊಸತಲ್ಲ. ನನಗೆ ಹೊಸ ರಿಮ್ ಬೇಡ. 14 ಇಂಚಿನಲ್ಲೇ ಉಳಿದರೆ 185/70 ಆರ್14 ಇದೆ. ಅಗಲ 165, ಅದರ ಶೇ 80 ಅಂದರೆ ಪಕ್ಕದ ಎತ್ತರ 132 ಮಿಲಿಮೀಟರ್. 185ರ ಶೇ 70 ಅಂದರೆ 129.5. ಎರಡು ಪಕ್ಕ, ಜೊತೆಗೆ ರಿಮ್ಮಿನ 355.6 ಸೇರಿಸಿದರೆ ಹಳೆಯ ಸೈಜಿನ ವ್ಯಾಸ 619.6, ಹೊಸದರದ್ದು 614.6. ವ್ಯತ್ಯಾಸ ಐದೇ ಮಿಲಿಮೀಟರ್, ಶೇ 0.8. ಸ್ಪೀಡೋಮೀಟರ್ ಬಗ್ಗೆ ಚಿಂತೆ ಮಾಡುವಷ್ಟಿಲ್ಲ.

ಟೈರ್ ಅಂಗಡಿಯವರು "195 ಹಾಕ್ಸಿ ಸಾರ್, ಗಾಡಿ ರೋಡಿಗೆ ಅಂಟ್ಕೊಂಡು ಹೋಗತ್ತೆ" ಅಂದರು. ನನ್ನ ರಿಮ್ ಅಗಲ ಐದೇ ಇಂಚು. 185 ಅದರಲ್ಲಿ ಸರಿಯಾಗಿ ಕೂರುತ್ತದೆ, 195ಕ್ಕೆ ಇಕ್ಕಟ್ಟು, ಪಕ್ಕ ಉಬ್ಬಿಕೊಂಡು ನಿಲ್ಲುತ್ತದೆ. ನೋಡೋಕೆ ದಪ್ಪ ಕಾಣಬೇಕು ಅಂತ ಹಾಕಿಸುವವರು ಇದ್ದಾರೆ, ಅವರಿಷ್ಟ.

ಮೇ ಕೊನೆಯ ವಾರ

185/70 ಆರ್14, 88 ಟಿ ಹಾಕಿಸಿದೆ. 88 ಅಂದರೆ ಒಂದು ಟೈರ್ 560 ಕಿಲೋ ಹೊರುತ್ತದೆ, ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವರೆಗೆ. ನಮ್ಮ ರಸ್ತೆಗೆ ಅದರ ಅರ್ಧವೂ ಬೇಡ ಬಿಡಿ. ಬ್ರಾಂಡ್ ಹೇಳಲ್ಲ. ಹೇಳಿದರೆ ಮಾತೆಲ್ಲ ಆ ಕಡೆಗೇ ಹೋಗುತ್ತದೆ.

ಮೊದಲು ತಂದಿಟ್ಟ ಟೈರ್‌ಗಳ ಪಕ್ಕದಲ್ಲಿ ಡಿಒಟಿ ನಂಬರ್ ನೋಡಿದೆ. ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಟೈರ್ ತಯಾರಾದ ವಾರ, ಆಮೇಲಿನೆರಡು ತಯಾರಾದ ವರ್ಷ ಹೇಳುತ್ತವೆ. ಎರಡು ವರ್ಷ ಹಳೆಯ ಸ್ಟಾಕ್. ಬೇಡ ಅಂದೆ. ಮಾರನೇ ದಿನ ಹೊಸ ಬ್ಯಾಚ್ ಬಂತು. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಸುಮ್ನೆ ಹಾಕಿ ಕಳಿಸುತ್ತಾರೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಹೊಸ ವಾಲ್ವ್ ಎಲ್ಲ ಅಲ್ಲೇ ಆಯಿತು. ಗಾಳಿ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಇದ್ದಷ್ಟೇ.

ಜೂನ್, ಜುಲೈ

ಮೊದಲಿನ ದಿನಗಳಲ್ಲಿ ನಿಧಾನಕ್ಕೆ ಓಡಿಸಿದೆ. ಹೊಸ ರಬ್ಬರ್ ಮೇಲಿನ ನುಣುಪು ಹೋಗುವ ತನಕ ಗ್ರಿಪ್ ಪೂರ್ತಿ ಸಿಗುವುದಿಲ್ಲ.

ಆಗುಂಬೆ ತಿರುವುಗಳಲ್ಲಿ ಮಳೆ ಸುರಿಯುವಾಗ ಬ್ರೇಕ್ ಒತ್ತಿದರೆ ಗಾಡಿ ಹೇಳಿದ ಮಾತು ಕೇಳುತ್ತದೆ. ಹಿಂದಿನ ಮಳೆಗಾಲಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೆ ಇದು 185ರ ಮಹಿಮೆ ಅಂತ ನಾನು ಹೇಳುವುದಿಲ್ಲ. ನೀರನ್ನು ಹೊರಗೆ ತಳ್ಳುವುದು ಗೀರುಗಳ ಆಳ. ಟೈರ್ ಅಗಲ ಆದಷ್ಟೂ ಸರಿಸಬೇಕಾದ ನೀರು ಜಾಸ್ತಿ. ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಅಗಲ ಟೈರ್ ತೇಲುವ ಸಾಧ್ಯತೆಯೇ ಹೆಚ್ಚು. ಎಂಟು ಮಿಲಿಮೀಟರ್ ಗೀರು ಇರುವ ಹೊಸ 165 ಹಾಕಿಸಿದ್ದರೂ ಇಷ್ಟೇ ಖುಷಿ ಆಗುತ್ತಿತ್ತು ಅನ್ನಿಸುತ್ತದೆ.

ಒಣ ರಸ್ತೆಯಲ್ಲಿ ಮಾತ್ರ ಅಗಲದ ವ್ಯತ್ಯಾಸ ಗೊತ್ತಾಗುತ್ತಿದೆ. ತಿರುವಿನಲ್ಲಿ ಮುಂಭಾಗ ಹೊರಗೆ ಜಾರುವುದು ಕಡಿಮೆ. ಗಾಡಿ ವಾಲುವುದು ಹಾಗೇ ಇದೆ, ಅದು ಸಸ್ಪೆನ್ಷನ್ ವಿಷಯ.

ಆಗಸ್ಟ್: ಮೈಲೇಜ್

ಒಂದೇ ಬಂಕ್, ಒಂದೇ ದಾರಿ, ಟ್ಯಾಂಕ್ ಫುಲ್‌ನಿಂದ ಫುಲ್‌ಗೆ. ಬೋಳು ಟೈರ್‌ನಲ್ಲಿ ಲೀಟರ್‌ಗೆ 17.5 ಕಿಲೋಮೀಟರ್ ಬರುತ್ತಿತ್ತು, ಈಗ 16.6. "ನೋಡಿದ್ಯಾ, ಅಗಲ ಹಾಕಿದ್ರೆ ಹಿಂಗೇ ಆಗೋದು" ಅಂದರು ಭಾವ.

ಆದರೆ ಲೆಕ್ಕ ಅಷ್ಟು ಸರಳ ಅಲ್ಲ. ಹೊಸದರಲ್ಲಿ ಎಂಟು ಮಿಲಿಮೀಟರ್ ಇದ್ದ ಗೀರು 1.6ಕ್ಕೆ ಇಳಿದಿದೆ ಅಂದರೆ, ಕಾಗದದ ಮೇಲೆ ವ್ಯಾಸದಲ್ಲಿ ಸುಮಾರು 13 ಮಿಲಿಮೀಟರ್ ಹೋಯಿತು. ಶೇ 2. ಸೈಜ್ ಬದಲಾಯಿಸಿದ್ದಕ್ಕಿಂತ ಸವೆದದ್ದರ ಪರಿಣಾಮವೇ ದೊಡ್ಡದು! ಚಿಕ್ಕ ಚಕ್ರ ಜಾಸ್ತಿ ಸುತ್ತು ತಿರುಗುತ್ತದೆ, ಓಡೋಮೀಟರ್ ಜಾಸ್ತಿ ಕಿಲೋಮೀಟರ್ ತೋರಿಸುತ್ತದೆ. ಹಳೆಯ 17.5ರಲ್ಲಿ ಸ್ವಲ್ಪ ಸುಳ್ಳು ಇತ್ತು. ಅದನ್ನು ಸರಿಮಾಡಿದರೆ ಅಂತರ 0.7ರ ಹತ್ತಿರ ಬರುತ್ತದೆ.

ಇನ್ನೊಂದು, ಸವೆದ ಟೈರ್ ಸಲೀಸಾಗಿ ಉರುಳುತ್ತದೆ. ಹೊಸದರಲ್ಲಿ ದಪ್ಪ ರಬ್ಬರ್ ಪ್ರತಿ ಸುತ್ತಿಗೂ ಬಾಗಿ ಬಿಸಿಯಾಗುತ್ತದೆ, ಪೆಟ್ರೋಲ್ ಅಲ್ಲೇ ಹೋಗುವುದು. ಯಾವ ಸೈಜ್ ಹೊಸದಾಗಿ ಹಾಕಿದರೂ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಟೈರ್ ಬದಲಾಯಿಸಿದ ವಾರವೇ ಮೈಲೇಜ್ ಬಿತ್ತು ಅಂತ ದೂರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಅಕ್ಟೋಬರ್

ಭಾವನ ಬಳಿಯೂ ಇಂಥದ್ದೇ ಸ್ವಿಫ್ಟ್ ಇದೆ. ದಸರಾ ಹೊತ್ತಿಗೆ ಅವರೂ ಟೈರ್ ಹಾಕಿಸಿದರು, 165/80. ಎರಡೂ ಕಾರು ಒಟ್ಟಿಗೆ ತೀರ್ಥಹಳ್ಳಿ ದಾರಿ ಹಿಡಿದೆವು. ವಾಪಸ್ ಬರುವಾಗ ಕಾರು ಬದಲಾಯಿಸಿಕೊಂಡೆವು, ಇಲ್ಲದಿದ್ದರೆ ಅವರ ಕಾಲಿನ ಭಾರವೂ ಲೆಕ್ಕಕ್ಕೆ ಸೇರುತ್ತಿತ್ತು. ಅವರ ಕಾರು ಲೀಟರ್‌ಗೆ 0.4 ಮುಂದೆ. ಪಿಕಪ್‌ನಲ್ಲೂ ಎರಡನೇ ಗೇರ್‌ನಲ್ಲಿ ಅವರದ್ದು ಕೊಂಚ ಚುರುಕು, ಟೈರ್ ಹಗುರ ಅಲ್ವಾ. ಹಳ್ಳದ ರಸ್ತೆಯಲ್ಲಿ ಎರಡಕ್ಕೂ ಫರಕು ಗೊತ್ತಾಗಲಿಲ್ಲ.

ಘಾಟಿಗೆ ಜಾಸ್ತಿ ಹೋಗುವ ನನಗೆ 0.4 ಹೋದರೆ ಹೋಗಲಿ. ಊರೊಳಗೇ ಓಡಿಸುವವರು 165ರಲ್ಲೇ ಇದ್ದು, ಉಳಿದ ದುಡ್ಡಿನಲ್ಲಿ ಒಂದು ದರ್ಜೆ ಮೇಲಿನ ಟೈರ್ ತಗೊಳ್ಳುವುದು ಜಾಣತನ.

ಬಾಕಿ ಇರುವ ಕೆಲಸ: ಸ್ಟೆಪ್ನಿ ಇನ್ನೂ ಕಾರಿನ ಜೊತೆ ಬಂದ 2013ರದ್ದೇ. ಒಮ್ಮೆಯೂ ನೆಲ ಮುಟ್ಟದಿದ್ದರೂ ರಬ್ಬರ್‌ಗೆ ವಯಸ್ಸಾಗಿದೆ. ಅದಕ್ಕೊಂದು 165/80 ನೋಡಬೇಕು. ಪಂಕ್ಚರ್ ಅಂಗಡಿ ತನಕ ಹೋಗಲು ಅಷ್ಟು ಸಾಕು.